ನನ್ನ ನಿದ್ದೆಗೆಂದು ಬಂದು ಹಾಲ್‌ನಲ್ಲಿ ನೆಲೆಸಿದ ಏಸಿಯವರಿಗೆ

ಮಾನ್ಯ ಏಸಿಯವರೇ,

ಲಗ್ಗೆರೆಯ ನಮ್ಮ ಮನೆಯ ಹಾಲ್‌ನಲ್ಲಿ, ದಿವಂಗತ ಮಾವನವರ ಫೋಟೋಗಿಂತ ಒಂದು ಗೇಣು ಮೇಲೆ ವಿರಾಜಮಾನರಾಗಿರುವ ತಮಗೆ, ಅದೇ ಮನೆಯ ಬೆಡ್‌ರೂಮಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿರುವ ಯಜಮಾನನ ಸಾಷ್ಟಾಂಗ ನಮಸ್ಕಾರಗಳು.

ತಾವು ಇಲ್ಲಿಗೆ ದಯಮಾಡಿಸಿದ್ದು ಯಾರಿಗಾಗಿ ಎಂಬುದನ್ನು ತಮಗೆ ಯಾರೂ ಹೇಳಿದಂತಿಲ್ಲವಾದ್ದರಿಂದ ನಾನೇ ಅರಿಕೆ ಮಾಡಿಕೊಳ್ಳುತ್ತೇನೆ. ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ನಾನು ಹಗಲು ಮಲಗಬೇಕು. ಈ ಬೇಸಿಗೆಯ ಸೆಕೆಗೆ ನಿದ್ದೆ ಹತ್ತದೆ ಮಷೀನಿನ ಮುಂದೆ ತೂಕಡಿಸಿ, ಇನ್ನೊಮ್ಮೆ ಹೀಗಾದರೆ ಬೆರಳು ಹೋಗುತ್ತದೆಂದು ಸೂಪರ್‌ವೈಸರ್‌ರಿಂದ ಬೈಸಿಕೊಂಡು ಬಂದಾಗ, ನನ್ನ ಹೆಂಡತಿ ಶಶಿಕಲಾ ಗಳಗಳನೆ ಅತ್ತು ತಮ್ಮನ್ನು ಮನೆ ತುಂಬಿಸಿಕೊಂಡಳು. ಅವಳ ಪ್ರೀತಿಯ ಬಗ್ಗೆ ನನಗೆ ಈಗಲೂ ಅನುಮಾನವಿಲ್ಲ.

ಎಡವಟ್ಟಾದದ್ದು ಜಾಗದ ವಿಷಯದಲ್ಲಿ. ತಮ್ಮನ್ನು ಕೂರಿಸಲು ಬಂದ ಶ್ಯಾಮಣ್ಣ ಬೆಡ್‌ರೂಮಿನ ಗೋಡೆಗೆ ಡ್ರಿಲ್ ಹಿಡಿಯುವಷ್ಟರಲ್ಲಿ ಶಶಿಕಲಾ, “ಅಯ್ಯೋ, ಒಳಗಡೆ ಹಾಕಿದ್ರೆ ಬಂದೋರಿಗೆ ಹೆಂಗ್ರೀ ಕಾಣ್ಸತ್ತೆ?” ಎಂದು ತಮ್ಮನ್ನು ಹಾಲ್‌ಗೆ ಬರಮಾಡಿಕೊಂಡಳು. ಇನ್ನು ತಮ್ಮ ಹೊರಗಿನ ಪೆಟ್ಟಿಗೆಯನ್ನು ಮುಂಬಾಗಿಲ ಕಡೆ ಇಡೋಣವೆಂದರೆ ಬಂದವರ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತದೆಂದು ಅತ್ತೆ ಈಶ್ವರಮ್ಮನವರು ಒಪ್ಪಲಿಲ್ಲ, ಎರಡು ಬದಿಗಳಲ್ಲಿ ಪಕ್ಕದ ಮನೆಗಳ ಗೋಡೆ ಅಂಟಿಕೊಂಡಿದೆ, ಹೀಗಾಗಿ ಅದು ನನ್ನ ಬೆಡ್‌ರೂಮಿನ ಕಿಟಕಿಯ ಕೆಳಗೇ ಬಂದು ಕೂತಿತು. ಅಲ್ಲಿಂದ ಹೊರಟ ಬಿಸಿಗಾಳಿ ಹಿಂದಿನ ಮನೆಯ ಗೋಡೆಗೆ ಬಡಿದು ನೇರವಾಗಿ ನನ್ನ ಹಾಸಿಗೆಗೆ ವಾಪಸಾಗುತ್ತದೆ.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಮಧ್ಯಾಹ್ನವಾದರೆ ಬೀದಿಯ ಹೆಂಗಸರೆಲ್ಲ ಧಾರಾವಾಹಿ ನೋಡಲು ನಮ್ಮ ಹಾಲ್‌ಗೇ ಬರುತ್ತಾರೆ, ಅತ್ತೆಯವರು ಮಂಕಿ ಟೋಪಿ ಹಾಕಿ, ಕಂಬಳಿ ಹೊದ್ದು, “ಶಿವನೇ, ಏನ್ ಚಳಿ ಅಂತೀನಿ!” ಎಂದು ಹೆಮ್ಮೆಯಿಂದ ನಡುಗುತ್ತಾರೆ, ತಂಪು ಪೋಲಾಗದಿರಲೆಂದು ನನ್ನ ಬೆಡ್‌ರೂಮಿನ ಬಾಗಿಲನ್ನು ಭದ್ರವಾಗಿ ಮುಚ್ಚುತ್ತಾರೆ. ನಾನೂ ಒಮ್ಮೆ ನಾಚಿಕೆ ಬಿಟ್ಟು ಚಾಪೆ ಹಿಡಿದು ಹಾಲ್‌ಗೆ ಬಂದೆ. “ಬಂದೋರ ಮುಂದೆ ಗೊರಕೆ ಹೊಡೀಬೇಡ್ರೀ, ಒಳಗೆ ಆರಾಮಾಗಿ ಮಲ್ಕೊಳ್ಳಿ” ಎಂದು ಶಶಿಕಲಾ ಅಕ್ಕರೆಯಿಂದಲೇ ವಾಪಸು ಕಳಿಸಿದಳು. ಥೂ, ನನ್ನ ಬಾಳೇ!

ಆದ್ದರಿಂದ ತಾವು ಒಂದು ಮಧ್ಯಾಹ್ನದ ಮಟ್ಟಿಗಾದರೂ ಹಿಂದುಮುಂದಾಗಿ ತಿರುಗಿ ಕೂತು, ಬಿಸಿಯನ್ನು ಧಾರಾವಾಹಿಯ ಕಡೆಗೂ ತಂಪನ್ನು ನನ್ನ ಕಡೆಗೂ ಊದಬೇಕೆಂದು, ಅದು ಆಗದಿದ್ದರೆ ನನ್ನನ್ನೂ ‘ಬಂದವರ’ ಸಾಲಿಗೆ ಸೇರಿಸುವಂತೆ ಮನೆಯವರಿಗೆ ಶಿಫಾರಸು ಮಾಡಬೇಕೆಂದು ಕೈಮುಗಿದು ಬೇಡುತ್ತೇನೆ.

ತಮ್ಮ ಬೆನ್ನ ಹಿಂದಿನ ವಿಶ್ವಾಸಿ,
ರುದ್ರೇಶ್

ಹೇಳಲು ಮರೆತೆ: ಮೊನ್ನೆ ಮಧ್ಯಾಹ್ನ ಇಡೀ ಬೀದಿಗೆ ಕರೆಂಟ್ ಹೋಯಿತು. ಹೆಂಗಸರು ಉಸ್ಸಪ್ಪಾ ಎನ್ನುತ್ತ ಎದ್ದು ಹೋದರು, ಕಿಟಕಿಯ ಬಿಸಿಗಾಳಿಯೂ ನಿಂತಿತು. ಖಾಲಿ ಹಾಲ್‌ನಲ್ಲಿ, ಸುಮ್ಮನಾಗಿದ್ದ ತಮ್ಮ ಕೆಳಗೇ ಚಾಪೆ ಹಾಸಿ, ಪಾಳಿಯ ಹೊತ್ತಿನವರೆಗೂ ಸತ್ತವನಂತೆ ನಿದ್ದೆ ಹೊಡೆದೆ. “ಏಸಿ ಹಾಕ್ಸಿದ್ಮೇಲೆ ನಮ್ಮನೆಯವ್ರಿಗೆ ಎಂಥಾ ನಿದ್ದೆ ಅಂತೀರಾ!” ಎಂದು ಶಶಿಕಲಾ ಅಂದಿನಿಂದ ಬಂದವರಿಗೆಲ್ಲ ಹೇಳುತ್ತಿದ್ದಾಳೆ.