ತಡಕ್ಕೆ ಕಾರಣ: ಗುಡ್ಡ

ಇಪ್ಪತ್ತೆಂಟು ವರ್ಷ ಬಸ್ಸಿನಲ್ಲೇ ಕಾಲ ಕಳೆದ ಮನುಷ್ಯ ಒಂದು ದಿನವೂ ಬಸ್ಸಿನಲ್ಲಿ ಕೂತಿಲ್ಲ ಅಂದರೆ ಯಾರಾದರೂ ನಂಬುತ್ತಾರೆಯೇ? ನಮ್ಮ ಕಂಡಕ್ಟರ ಜೀವನದ ಪರಮ ದುಃಖವೇ ಅದು. ಕಂಡಕ್ಟರಿಗೆ ಅಂತಲೇ ಒಂದು ಸೀಟು ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಅದರ ಮೇಲೆ ಯಾರದೋ ಚೀಲ ಇರುತ್ತದೆ, ಚೀಲದ ಮೇಲೆ ಯಾರದೋ ಮಗು ಇರುತ್ತದೆ, ಮಗುವಿನ ಕೈಯಲ್ಲಿ ಕಂಡಕ್ಟರ ವಿಷಲ್ಲೂ ಇರುತ್ತದೆ.

ಅವರು ನಿವೃತ್ತಿಗೆ ಮೂರು ತಿಂಗಳಿರುವಾಗ ಒಂದು ಭೀಷ್ಮ ಪ್ರತಿಜ್ಞೆ ಮಾಡಿದರು. ನಿವೃತ್ತಿಯಾದ ಮಾರನೇ ಬೆಳಿಗ್ಗೆ ಎಂಟು ಗಂಟೆಯ ಬಸ್ಸನ್ನು ಪ್ರಯಾಣಿಕರಾಗಿ ಹತ್ತುವುದು; ಎಡಗಡೆಯ ಮೂರನೇ ಸೀಟಿನಲ್ಲಿ, ಕಿಟಕಿಯ ಪಕ್ಕ, ಮೊದಲ ಸ್ಟಾಪಿನಿಂದ ಕೊನೆಯ ಸ್ಟಾಪಿನವರೆಗೆ ಕೂತು ಹೋಗುವುದು. ಎಡಗಡೆಯ ಮೂರನೆಯದೇ ಯಾಕೆ? ಆ ಸೀಟಿನಲ್ಲಿ ಕೂತವರು ತಾವಾಗಿ ಎದ್ದು ಇಳಿದದ್ದನ್ನು ಅವರು ಕಂಡಿರಲಿಲ್ಲ. ಎಲ್ಲರನ್ನೂ ಭುಜ ತಟ್ಟಿ ಎಬ್ಬಿಸಬೇಕಾಗಿತ್ತು. ಅಂಥ ಸುಖ ಅಲ್ಲಿದೆ ಎಂದು ಅವರು ಇಪ್ಪತ್ತೆಂಟು ವರ್ಷ ಹೊಟ್ಟೆ ಉರಿಸಿಕೊಂಡು ನೋಡಿದ್ದರು.

ತೊಂದರೆ ಏನೆಂದರೆ, ಆ ರೂಟಿಗೆ ಹತ್ತೊಂಬತ್ತು ಸ್ಟಾಪು. ಅವರ ಬಾಡಿಗೆ ಮನೆ ಸರಿಯಾಗಿ ನಟ್ಟನಡುವೆ, ಹತ್ತನೇ ಸ್ಟಾಪಿನ ಎದುರಿಗೆ. ಬಸ್ಸು ಆ ಕಡೆಯಿಂದ ಬಂದರೂ ಈ ಕಡೆಯಿಂದ ಬಂದರೂ ಅಲ್ಲಿಗೆ ತಲುಪುವಾಗ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಸ್ವಂತ ಮನೆ ಕೊಳ್ಳುವುದಾದರೆ ಬಸ್ಸು ಖಾಲಿ ಹೊರಡುವ ಜಾಗದಲ್ಲೇ ಕೊಳ್ಳಬೇಕು. ಆದರೆ ಬಸ್ಸಿಗೆ ಎರಡು ತುದಿ. ಒಂದು ತುದಿಗೆ ಗುಡ್ಡದ ಬಡಾವಣೆ, ಇನ್ನೊಂದು ತುದಿಗೆ ಹಳ್ಳದ ಬಡಾವಣೆ. ಸಂಸಾರದಲ್ಲಿ ಮಹಾಯುದ್ಧ ಶುರುವಾದದ್ದು ಇಲ್ಲಿ.

ಕಂಡಕ್ಟರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಕೆಲಸ ಮಾಡುವಾಗ ಅವರ ತುಟಿಗಳ ನಡುವೆ ಐದಾರು ಗುಂಡುಪಿನ್ನುಗಳು ಇರುತ್ತವೆ. ಸಂಸಾರದ ಮುಖ್ಯ ವಿಷಯಗಳನ್ನೆಲ್ಲ ಕಂಡಕ್ಟರು ಆ ಹೊತ್ತಿನಲ್ಲೇ ಎತ್ತುವುದು. (ಬೇರೆ ಹೊತ್ತಿನಲ್ಲಿ ಎತ್ತಿ ನೋಡಿದ್ದಾರೆ. ಈಗ ಎತ್ತುವುದಿಲ್ಲ.)

"ಹಳ್ಳದ ಬಡಾವಣೆನೇ ಸರಿ ಕಣೇ," ಅಂದರು ಒಂದು ಸಂಜೆ. "ಅಲ್ಲಿನ ಜನ ಶಿಸ್ತಿನವರು. ಬಸ್ಸು ಬರೋಕೆ ಅರ್ಧ ಗಂಟೆ ಮುಂಚೆ ಬಂದು ಸಾಲಾಗಿ ನಿಂತಿರ್ತಾರೆ. ಗುಡ್ಡದವರನ್ನ ನೋಡು, ಬಸ್ಸು ಹೊರಟ ಮೇಲೆ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಿ ಬರ್ತಾರೆ. ಅಂಥವರ ಮಧ್ಯೆ ಮರ್ಯಾದಸ್ಥರು ಬಾಳೋದು ಹೇಗೆ?"

ಹೆಂಡತಿ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕತೊಡಗಿದರು. ಟಿಣ್. ಟಿಣ್. ಕಂಡಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

"ಹಳ್ಳದವರು ಮುಂಚೆ ಬರೋದು ಶಿಸ್ತಿಗಲ್ಲ ರೀ, ಮಾಡೋಕೆ ಬೇರೆ ಕೆಲಸ ಇಲ್ದೆ. ಕೂತು ಕೂತು ವರ್ಷಕ್ಕೆ ಎರಡು ಇಂಚು ಊದ್ತಾರೆ. ಆಮೇಲೆ ಬಟ್ಟೆ ತಂದು ಅಗಲ ಮಾಡಿ ಅಂತಾರೆ. ಒಳಗೆ ಮಡಿಕೇನೇ ಬಿಟ್ಟಿರಲ್ಲ, ನಾನೇನು ನನ್ನ ಸೆರಗು ಹರಿದು ಹಾಕ್ಲಾ? ಗುಡ್ಡದವರು ಹತ್ತಿ ಇಳಿದು ತೆಳ್ಳಗಾಗ್ತಾರೆ. ಹಿಡಿದು ಹೊಲಿದ್ರಾಯ್ತು, ಮುಗೀತು. ನಮಗೆ ಗುಡ್ಡಾನೇ ಬೇಕು."

"ಬಡಾವಣೆ ಆರಿಸೋದಕ್ಕೂ ಜನರ ಸೊಂಟಕ್ಕೂ ಏನೇ ಸಂಬಂಧ?"

"ಜನರ ಚಪ್ಪಲಿಗೂ ಏನು ಸಂಬಂಧ?"

ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಕಂಡಕ್ಟರು ಕೆಲಸದ ಮೇಲಿದ್ದಾಗ ಒಂದು ಮಹಾಸಂಶೋಧನೆ ಮಾಡಿದರು. ಬೆಳಿಗ್ಗೆ ಹಳ್ಳದಿಂದ ಹೊರಡುವ ಬಸ್ಸಿನಲ್ಲಿ ಎಡಗಡೆಯ ಮೂರನೇ ಕಿಟಕಿಗೆ ಬಿಸಿಲು ನೇರವಾಗಿ ಹೊಡೆಯುತ್ತದೆ. ಗುಡ್ಡದಿಂದ ಹೊರಡುವ ಬಸ್ಸಿನಲ್ಲಿ ಅದೇ ಕಿಟಕಿಗೆ ತಂಪಾದ ನೆರಳು. ಮನೆಗೆ ಬಂದವರೇ ಎದೆ ಸೆಟೆಸಿ ಘೋಷಿಸಿದರು:

"ನೋಡು, ನಿನ್ನ ಹೊಲಿಗೆ ಗಿಲಿಗೆ ಮಾತಿಗೆ ಒಪ್ಪಿಕೊಂಡೆ ಅಂದ್ಕೋಬೇಡ. ವೈಜ್ಞಾನಿಕ ಕಾರಣಗಳಿಂದ ಗುಡ್ಡವೇ ಅಂತ ನಾನು ತೀರ್ಮಾನ ಮಾಡಿದ್ದೀನಿ."

"ಆಯ್ತು ಬಿಡಿ, ಎಂದಿನ ಹಾಗೆ ನಿಮ್ಮ ಮಾತೇ ನಡೀಲಿ," ಅಂದರು ಹೆಂಡತಿ, ಅದೂ ಪಿನ್ನು ಕಚ್ಚಿಕೊಂಡೇ.

ಗುಡ್ಡದಲ್ಲಿ ಅವರ ಕೈಗೆಟಕುವ ಮನೆ ಒಂದೇ ಒಂದಿತ್ತು. ಆದರೆ ಎಂಥ ಮನೆ! ಎರಡು ಕೋಣೆ, ಹೊಲಿಗೆ ಯಂತ್ರ ಇಡಲು ಬೆಳಕಿನ ಪಡಸಾಲೆ, ಗೇಟಿನಿಂದ ಬಸ್ ಸ್ಟಾಪಿಗೆ ಎಣಿಸಿ ಮೂವತ್ತು ಹೆಜ್ಜೆ. ಮನೆಯೊಡತಿ ನಿವೃತ್ತ ಹೆಡ್‌ಮಿಸ್ಸು. ಭಾನುವಾರ ಗಂಡಹೆಂಡಿರು ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋಗಿ ಗೇಟು ತಟ್ಟಿದರು. ಹೆಡ್‌ಮಿಸ್ಸು ಬಂದು ಕನ್ನಡಕದ ಮೇಲಿಂದ ಕಂಡಕ್ಟರನ್ನು ನೋಡಿದರು.

"ನೀವು ಎಂಟು ಗಂಟೆ ಬಸ್ಸಿನ ಕಂಡಕ್ಟರಲ್ವಾ?"

"ಹೌದು ಮೇಡಂ, ಹೌದು!" ಸಮವಸ್ತ್ರವಿಲ್ಲದೆಯೂ ಗುರುತು ಹಿಡಿದರಲ್ಲ ಎಂದು ಕಂಡಕ್ಟರು ಹಲ್ಲು ಕಿಸಿದರು.

"ಆರು ವರ್ಷದ ಹಿಂದೆ ಒಂದು ದಿನ. ಜೋರು ಮಳೆ. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಛತ್ರಿ ಮಡಿಚ್ತಾ ಇದ್ದೆ. ನೀವು ಏನಂದ್ರಿ ಜ್ಞಾಪಕ ಇದೆಯಾ?"

ಕಂಡಕ್ಟರು ತಲೆ ಕೆರೆದುಕೊಂಡರು.

"'ಹಿಂದೆ ಖಾಲಿ ಬಸ್ ಬರ್ತಾ ಇದೆ, ಅದರಲ್ಲಿ ಬನ್ನಿ' ಅಂದ್ರಿ. 'ರೈಟ್' ಅಂದ್ರಿ. ನಾನು ಒಂದು ಗಂಟೆ ನಿಂತೆ. ಹಿಂದೆ ಯಾವ ಬಸ್ಸೂ ಬರ್ಲಿಲ್ಲ." ಹೆಡ್‌ಮಿಸ್ಸು ನಿಧಾನವಾಗಿ ಗೇಟು ಮುಚ್ಚಿದರು. "ಹಿಂದಿನ ಬೀದೀಲಿ ಖಾಲಿ ಮನೆ ಇರ್ಬಹುದು. ಅದನ್ನ ನೋಡ್ಕೊಳ್ಳಿ."

ಹಿಂದಿನ ಬೀದಿಯಲ್ಲಿ ನೀರಿನ ಟ್ಯಾಂಕೊಂದನ್ನು ಬಿಟ್ಟರೆ ಏನೂ ಇರಲಿಲ್ಲ. (ಕಂಡಕ್ಟರು ನಿಜವಾಗಿಯೂ ಹೋಗಿ ನೋಡಿದರು.)

"ಇಪ್ಪತ್ತೆಂಟು ವರ್ಷದಲ್ಲಿ ಇನ್ನೆಷ್ಟು ಜನಕ್ಕೆ ಹೀಗೆ ಹೇಳಿದ್ದೀರಿ?" ಎಂದು ಹೆಂಡತಿ ದಾರಿಯಲ್ಲಿ ಕೇಳಿದರು.

ಕಂಡಕ್ಟರು ದಿನಕ್ಕೆ ಎಷ್ಟು ಟ್ರಿಪ್ಪು, ಟ್ರಿಪ್ಪಿಗೆ ಎಷ್ಟು ಜನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೋಗಿ ಬೆವರಿದರು.

"ಇರಲಿ. ಇನ್ನು ಮೇಲಾದ್ರೂ ಗುಡ್ಡದವರನ್ನ ಬಿಟ್ಟು ಹೋಗ್ಬೇಡಿ. ಆಕೆ ಕಿಟಕೀಲಿ ನೋಡ್ತಾನೇ ಇರ್ತಾರೆ. ಸ್ವಲ್ಪ ಕಾಯ್ರಿ, ನಿಮ್ಮ ಗಂಟೇನು ಹೋಗುತ್ತೆ?"

ಮರುದಿನದಿಂದ ಕಂಡಕ್ಟರು ಬೇರೆಯೇ ಮನುಷ್ಯರಾದರು. ಗುಡ್ಡದ ಸ್ಟಾಪಿನಲ್ಲಿ ಎಂಟು ಹೊಡೆದರೂ "ರೈಟ್" ಎನ್ನಲಿಲ್ಲ. ಕೆಳಗಿಳಿದು ಬೀದಿಯ ಉದ್ದಕ್ಕೂ ನೋಡಿ, "ಯಾರಾದ್ರೂ ಬರೋರಿದ್ದೀರಾ?" ಎಂದು ಕೂಗಿದರು. ಎರಡನೇ ಮನೆಯಾಕೆ ಅಡಿಗೆಮನೆಯಿಂದಲೇ "ಹಾಲು ಕಾಯ್ತಾ ಇದೆ!" ಅಂದರು. "ಕಾಯಲಿ ತಾಯಿ, ನಾವೂ ಕಾಯ್ತೀವಿ," ಅಂದರು ಕಂಡಕ್ಟರು. ಹಾಲು ಉಕ್ಕಿತು, ಒಲೆ ಆರಿತು, ಆಕೆ ಬಂದರು, ಬಸ್ಸು ಹೊರಟಿತು.

ಒಂದು ವಾರದಲ್ಲಿ ಈ ಸುದ್ದಿ ಗುಡ್ಡದ ಮನೆಮನೆಗೂ ಮುಟ್ಟಿತು. ಜನ ಬಸ್ಸು ಬಂದು ನಿಂತ ಮೇಲೆ ಸ್ನಾನಕ್ಕೆ ಇಳಿಯಲು ಶುರು ಮಾಡಿದರು. ಒಬ್ಬರ ಕನ್ನಡಕ ಕಳೆದರೆ ಬಸ್ಸಿನವರೆಲ್ಲ ಇಳಿದು ಹೋಗಿ ಅವರ ಮನೆ ಜಾಲಾಡಿದರು. (ಅದು ಹಣೆಯ ಮೇಲೇ ಇತ್ತು.) ತಂಗಿಯನ್ನು ಬಸ್ಸು ಹತ್ತಿಸಲು ಬಂದಿದ್ದ ಒಬ್ಬ ಬ್ಯಾಂಕ್ ಗುಮಾಸ್ತರನ್ನು ಕಂಡಕ್ಟರು ಪ್ರೀತಿಯಿಂದ ಕೈಹಿಡಿದು ಮೇಲೆಳೆದು ಹಳ್ಳದವರೆಗೂ ಕರೆದುಕೊಂಡು ಹೋದರು. ಎಂಟರ ಬಸ್ಸು ಒಂಬತ್ತೂಕಾಲಿಗೆ ಹೊರಡುವುದು ವಾಡಿಕೆಯಾಯಿತು. ಅತ್ತ ಹತ್ತನೇ ಸ್ಟಾಪಿನಲ್ಲಿ ಕಾದು ನಿಂತ ಜನ ಕಂಡಕ್ಟರ ಏಳು ತಲೆಮಾರನ್ನೂ ನೆನೆಯುತ್ತಿದ್ದರು.

ಡ್ರೈವರಿಗೆ ತಲೆ ಕೆಟ್ಟು ಹೋಯಿತು. "ಏನಯ್ಯಾ, ನಿನಗೆ ಮನೆ ಬೇಕಾದ್ರೆ ಊರಿಗೆಲ್ಲ ಯಾಕೆ ಶಿಕ್ಷೆ? ನಾನು ಪೇಪರ್ ಓದಿ ಮುಗಿಸಿ ಜಾಹೀರಾತೂ ಓದಿದೆ. ಈಗ ನೆನ್ನೆದು ಓದ್ತಾ ಇದ್ದೀನಿ."

"ಸ್ವಲ್ಪ ಹೊಟ್ಟೆಗೆ ಹಾಕ್ಕೋ ಅಣ್ಣ," ಅಂದರು ಕಂಡಕ್ಟರು.

ಸಂಜೆ ಡಿಪೋಗೆ ಒಪ್ಪಿಸುವ ಟ್ರಿಪ್ ಶೀಟಿನಲ್ಲಿ 'ತಡಕ್ಕೆ ಕಾರಣ' ಎಂಬ ಒಂದು ಕಾಲಂ ಇದೆ. ಇಪ್ಪತ್ತೆಂಟು ವರ್ಷ ಅದನ್ನು ಖಾಲಿ ಬಿಟ್ಟ ಹೆಮ್ಮೆ ಅವರದು. ಈಗ ಏನು ಬರೆಯುವುದು? ಎರಡನೇ ಮನೆಯವರ ಹಾಲು ಬೇಗ ಉಕ್ಕಲಿಲ್ಲ ಅಂತಲೇ? ಪೆನ್ನಿನ ತುದಿ ಕಚ್ಚಿ ಬಹಳ ಹೊತ್ತು ಯೋಚಿಸಿ ಕೊನೆಗೆ ಒಂದೇ ಪದ ಬರೆದರು: 'ಗುಡ್ಡ'. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಬರೆದದ್ದು ಅವರಿಗೇ ಬಹಳ ಹಿಡಿಸಿತು. ಮರುದಿನವೂ ಅದನ್ನೇ ಬರೆದರು.

ಇಪ್ಪತ್ತಾರನೇ ದಿನ ಹೆಡ್‌ಮಿಸ್ಸು ಗೇಟು ತೆರೆದು ಬಂದರು. ಮೋಡದ ಸುಳಿವೂ ಇಲ್ಲ, ಆದರೂ ಛತ್ರಿ ಬಿಚ್ಚಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಡಿಚತೊಡಗಿದರು. ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು, ಗುಂಡಿ ಹಾಕಲು ಹೋಗಿ ಮತ್ತೆ ಬಿಚ್ಚಿದರು. ಡ್ರೈವರು ಸ್ಟೀರಿಂಗ್ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಕಂಡಕ್ಟರ ನಾಲಿಗೆಯ ತುದಿಗೆ ಆ ಹಳೆಯ ವಾಕ್ಯ ಬಂದು ಬಂದು ಹೋಗುತ್ತಿತ್ತು. ಅದನ್ನು ನುಂಗಿಕೊಂಡು ಹನ್ನೊಂದು ನಿಮಿಷ ಮುಗುಳ್ನಗುತ್ತಾ ನಿಂತರು.

"ನಾನು ಎಲ್ಲಿಗೂ ಹೋಗ್ಬೇಕಾಗಿಲ್ಲ," ಅಂದರು ಹೆಡ್‌ಮಿಸ್ಸು ಕಾಲು ಕೆಳಗಿಟ್ಟು. "ಸುಮ್ಮನೆ ನೋಡ್ದೆ. ಸಂಜೆ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ. ಮಾತಾಡೋಣ."

ಮಾತು ಮುಗಿಯಿತು, ಕಾಗದಪತ್ರವೂ ಮುಗಿಯಿತು. ಹೊರಡುವಾಗ ಹೆಡ್‌ಮಿಸ್ಸು ಕಂಡಕ್ಟರ ಹೆಂಡತಿಯನ್ನು ಕೇಳಿದರು: "ನಿಮ್ಮ ಬಾಡಿಗೆ ಮನೆ ಖಾಲಿ ಆಗುತ್ತಲ್ವಾ? ನನ್ನ ಮಂಡಿನೋವಿಗೆ ಸಮತಟ್ಟು ಜಾಗವೇ ಬೇಕಿತ್ತು."

"ಅದಕ್ಕೇನಂತೆ ಮೇಡಂ, ಮನೆ ಮಾಲೀಕರಿಗೆ ನಾನೇ ಹೇಳ್ತೀನಿ."

ಕಂಡಕ್ಟರಿಗೆ ಒಳಗೊಳಗೇ ನಗು. ಪಾಪ, ಹತ್ತನೇ ಸ್ಟಾಪು! ಈ ಜನ್ಮದಲ್ಲಿ ಆಕೆಗೆ ಬಸ್ಸಿನಲ್ಲಿ ಸೀಟು ಸಿಗುವುದುಂಟೇ!

ಮನೆ ಬದಲಾಯಿಸಿದ ವಾರಕ್ಕೆ ನಿವೃತ್ತಿಯ ದಿನ ಬಂತು. ಡಿಪೋ ಮ್ಯಾನೇಜರು ಎಲ್ಲರನ್ನೂ ಸೇರಿಸಿ ದೊಡ್ಡ ಭಾಷಣವನ್ನೇ ಮಾಡಿದರು. "ಇಪ್ಪತ್ತೆಂಟು ವರ್ಷ ತಡ ಅನ್ನೋ ಪದ ಗೊತ್ತಿಲ್ಲದ ಮನುಷ್ಯ ಇವರು. ಇಂಥವರು ಇದ್ದಕ್ಕಿದ್ದ ಹಾಗೆ ಇಪ್ಪತ್ತಾರು ದಿನ 'ತಡಕ್ಕೆ ಕಾರಣ ಗುಡ್ಡ' ಅಂತ ಬರೀತಾರೆ ಅಂದ್ರೆ ಅದು ಸಾಮಾನ್ಯ ಮಾತಲ್ಲ. ನಮ್ಮ ಕಣ್ಣು ತೆರೆಸಿದ್ದಾರೆ. ಅವರ ಸೇವೆಯ ನೆನಪಿಗೆ ನಾವು ಒಂದು ತೀರ್ಮಾನ ಮಾಡಿದ್ದೀವಿ. ನಾಳೆಯಿಂದ ಬಸ್ಸು ಗುಡ್ಡ ಹತ್ತೋದಿಲ್ಲ. ಹತ್ತನೇ ಸ್ಟಾಪಿನಿಂದಲೇ ಹೊರಡುತ್ತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದ್ದರಿಂದ ಕಂಡಕ್ಟರೂ ತಟ್ಟಿದರು. ಆಮೇಲೆ ಅವರಿಗೆ ಅರ್ಥವಾಯಿತು.

"ಸಾರ್, ಅದು ಗುಡ್ಡದ ತಪ್ಪಲ್ಲ ಸಾರ್... ಹಾಲು... ಅಂದ್ರೆ ಎರಡನೇ ಮನೆಯವರ ಹಾಲು..."

"ವಿನಯ ಬೇಡ, ವಿನಯ ಬೇಡ," ಎಂದು ಮ್ಯಾನೇಜರು ಅವರ ಬೆನ್ನು ಚಪ್ಪರಿಸಿದರು.

ಪ್ರತಿಜ್ಞೆ ಮಾಡಿದವರು ಸುಮ್ಮನಿರುತ್ತಾರೆಯೇ? ಮಾರನೇ ಬೆಳಿಗ್ಗೆ ಸುರಿಯುವ ಮಳೆಯಲ್ಲಿ ಛತ್ರಿ ಹಿಡಿದು ಕಂಡಕ್ಟರು ನಲವತ್ತು ನಿಮಿಷ ಗುಡ್ಡ ಇಳಿದರು. ತಮ್ಮ ಹಳೇ ಮನೆಯ ಬಾಗಿಲ ಮುಂದೆ, ಹತ್ತನೇ ಸ್ಟಾಪಿನಲ್ಲಿ, ಖಾಲಿ ಬಸ್ಸು ತೊಳೆದಿಟ್ಟ ಹಾಗೆ ನಿಂತಿತ್ತು. ಜೀವ ಕೈಯಲ್ಲಿ ಹಿಡಿದು ಓಡಿದರು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಛತ್ರಿ ಮಡಿಚಲು ಹೋದರು. ಅದು ಮಡಿಚಿಕೊಳ್ಳಲಿಲ್ಲ.

ಹೊಸ ಕಂಡಕ್ಟರಿಗೆ ಕೆಲಸ ಕಲಿಸಿದವರು ನಮ್ಮ ಕಂಡಕ್ಟರೇ. ಎಂಟು ಅಂದರೆ ಎಂಟು ಎಂದು ಹೇಳಿಕೊಟ್ಟಿದ್ದೂ ಅವರೇ. "ರೈಟ್!" ಎಂಬ ಕೂಗು ಕೇಳಿಸಿತು. ಬಸ್ಸು ಅಲುಗಿತು, ಕಂಡಕ್ಟರು ಕಾಲು ಕೆಳಗಿಟ್ಟರು. ಎಡಗಡೆಯ ಮೂರನೇ ಕಿಟಕಿಯಲ್ಲಿ, ತಂಪು ಗಾಳಿಗೆ ಮುಖ ಕೊಟ್ಟು, ಹೆಡ್‌ಮಿಸ್ಸು ಕೂತಿದ್ದರು. ಕಂಡಕ್ಟರನ್ನು ಕಂಡು ಅವರಿಗೆ ನಿಜವಾಗಿ ಅಯ್ಯೋ ಅನಿಸಿತು. ಕಿಟಕಿಯಿಂದ ಬಗ್ಗಿ ಸಮಾಧಾನ ಹೇಳಿದರು:

"ಹಿಂದೆ ಖಾಲಿ ಬಸ್ ಬರ್ತಾ ಇರ್ಬಹುದು. ಅದರಲ್ಲಿ ಬನ್ನಿ!"

ಹಿಂದೆ ಯಾವ ಬಸ್ಸೂ ಇಲ್ಲವೆಂದು ಕಂಡಕ್ಟರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಆದರೂ ರಸ್ತೆಯ ತಿರುವನ್ನೇ ನೋಡುತ್ತಾ ಮುಕ್ಕಾಲು ಗಂಟೆ ನಿಂತರು.

ಹೀಗೆ ಹದಿನೈದು ದಿನ ಇಳಿದರು, ಹದಿನೈದು ದಿನ ಹತ್ತಿದರು. ಎಷ್ಟು ಬೇಗ ಹೋದರೂ ಮನೆ ಬಾಗಿಲಿಂದ ನಾಲ್ಕು ಹೆಜ್ಜೆ ಇಡುವ ಹೆಡ್‌ಮಿಸ್ಸಿಗಿಂತ ಮುಂಚೆ ಆ ಸೀಟು ಹಿಡಿಯಲಾಗಲಿಲ್ಲ. ಹದಿನಾರನೇ ದಿನ ಅರ್ಧ ದಾರಿಯಿಂದಲೇ ಹಿಂತಿರುಗಿ, ಜಾರುತ್ತಿದ್ದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮನೆ ಸೇರಿದರು. ಮನೆ ತುಂಬ ಜನ. ಬಸ್ಸಿಲ್ಲದ ಗುಡ್ಡದವರೆಲ್ಲ ಹತ್ತಿ ಇಳಿದು ಇನ್ನಷ್ಟು ಇಳಿದುಹೋಗಿ, ಬಟ್ಟೆಯ ಗಂಟು ಹಿಡಿದು ಪಡಸಾಲೆಯ ಕುರ್ಚಿ, ಬೆಂಚು, ಕೊನೆಗೆ ಕಂಡಕ್ಟರ ಮಂಚದ ಮೇಲೂ ಕೂತಿದ್ದರು. ಹೆಂಡತಿಯ ಬಾಯಲ್ಲಿ ಹತ್ತು ಪಿನ್ನಾದರೂ ಇದ್ದವು.

ಇದೇ ಸುಸಮಯವೆಂದು ಕಂಡಕ್ಟರು ತಮ್ಮ ಅಳಲನ್ನೆಲ್ಲ ಹೇಳಿಕೊಂಡರು. ಹಳ್ಳದ ಬಡಾವಣೆಯೇ ಆಗಿದ್ದರೆ, ಆ 'ಗುಡ್ಡ' ಎಂಬ ಒಂದು ಪದ ಬರೆಯದಿದ್ದರೆ, ಸುಮ್ಮನೆ ಹಳೇ ಮನೆಯಲ್ಲೇ ಇದ್ದಿದ್ದರೆ... ಹೆಂಡತಿ ಕೇಳುತ್ತಲೇ ಅವರ ಸೊಂಟದ ಪಟ್ಟಿಗೆ ಕೈಹಾಕಿ ಎಳೆದು ನೋಡಿದರು. ಒಂದು ಹಿಡಿ ಬಟ್ಟೆ ಕೈಗೆ ಬಂತು. ಪಿನ್ನುಗಳನ್ನು ತೆಗೆದರು.

"ಎರಡು ಇಂಚು ಹಿಡೀಬೇಕು. ಇವರದೆಲ್ಲ ಆಗಲಿ, ಆಮೇಲೆ ನಿಮ್ಮದು. ಈಗ ಬಾಗಿಲಿಗೆ ಅಡ್ಡ ನಿಲ್ಬೇಡಿ ರೀ, ಕೂರೋಕೆ ಜಾಗ ಇಲ್ಲ. ಸ್ವಲ್ಪ ಒಳಗೆ ಹೋಗಿ, ಒಳಗೆ ಹೋಗಿ ನಿಂತ್ಕೊಳ್ಳಿ."

ಕಂಡಕ್ಟರು ಪ್ಯಾಂಟು ಹಿಡಿದುಕೊಂಡು ಒಳಗೆ ಹೋಗಿ ನಿಂತರು.