ಕಸ ಕೊಡದ ಒಂದೇ ಮನೆ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಸೋಮವಾರ. ಶಾಲೆಗೆ ಎಡಕ್ಕೆ ತಿರುಗಬೇಕಿತ್ತು, ಸಾಗರದ ಬಸ್ಸು ಬಲಕ್ಕೆ ನಿಂತಿತ್ತು. ಆಮೇಲೆ ಸಾಗರದಲ್ಲಿ ಹೋಟೆಲು, ತೀರ್ಥಹಳ್ಳಿಯಲ್ಲಿ ಲಾರಿ ಕ್ಲೀನರು, ಹೀಗೆ ಎಲ್ಲೂ ಒಂದು ವರ್ಷ ನಿಂತವನಲ್ಲ. ಎಲ್ಲಿಗೆ ಹೋದರೂ ಗೊಂದಲ ಮಾತ್ರ ನನಗಿಂತ ಮುಂಚಿನ ಬಸ್ಸಿಗೇ ಬಂದು ಕಾದಿರುತ್ತದೆ. ಈ ಸಲ ಹೊಸನಗರದ ಕಡೆಯ ಒಂದು ಪಂಚಾಯ್ತಿಯ ಕಸದ ಗಾಡಿಯಲ್ಲಿ ಕೆಲಸ ಸಿಕ್ಕಿತು. "ಇಲ್ಲಾದ್ರೂ ಒಂದು ವರ್ಷ ನಿಲ್ಲು ಮಾರಾಯ, ಹೆಣ್ಣು ನೋಡ್ತೀನಿ" ಅಂದಳು ಅಕ್ಕ. ನಿಲ್ಲಲೇಬೇಕು ಅಂತ ನಾನೂ ನಿಜವಾಗಿ ನಿಶ್ಚಯ ಮಾಡಿದೆ.

ಮಂಗಳವಾರ, ಶುಕ್ರವಾರ

ಪಿಡಿಒ ಸಾಹೇಬರ ಆರ್ಡರ್ ಹೀಗಿತ್ತು: ಇನ್ನು ಯಾರೂ ತಮ್ಮ ಕಸ ತಾವೇ ಎಲ್ಲಿಗೋ ಒಯ್ದು ಸುರಿಯುವಂತಿಲ್ಲ. ಮಂಗಳವಾರ, ಶುಕ್ರವಾರ ಗಾಡಿ ಬರುತ್ತದೆ, ಅದಕ್ಕೇ ಕೊಡಬೇಕು. "ಒಂದು ಮನೆ ಬಿಟ್ಟರೂ ನೀನು ಬೇರೆ ಕೆಲಸ ನೋಡ್ಕೋ" ಅಂತ ನನಗೆ ಪ್ರತ್ಯೇಕ ಆರ್ಡರ್.

ಮೊದಲ ಶುಕ್ರವಾರ, ಮೊದಲ ಮನೆಯಲ್ಲೇ ಮನೆಯಾಕೆ ಬಾಗಿಲಿಗೆ ಅಡ್ಡ ನಿಂತರು.

"ಶುಕ್ರವಾರ ಯಾರಾದ್ರೂ ಮನೆಯಿಂದ ಹೊರಗೆ ಕೊಡ್ತಾರನಾ? ಲಕ್ಷ್ಮಿ ಹೋಗ್ತಾಳೆ."

"ಅಮ್ಮಾ, ಇದು ಕಸ."

"ಕಸ ಆದ್ರೇನು, ನಮ್ಮನೇದಲ್ವಾ?"

ಊರಿಡೀ ಅದೇ ಮಾತು. ಮಂಗಳವಾರವೂ ಅದೇ. ಖಾಲಿ ಗಾಡಿ ನೋಡಿ ಸಾಹೇಬರು ಕೂಗಾಡಿದರು: "ಯಾವ ಕಾಲದಲ್ಲಿದ್ದಾರೆ ಇವ್ರು! ಬರೀ ಮೂಢನಂಬಿಕೆ!"

"ಹೌದು ಸಾರ್. ಹಾಗಾದ್ರೆ ನಿಮ್ಮನೆ ಕಸ ಈಗ್ಲೇ ತಗೊಂಡು ಹೋಗ್ಲಾ?"

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿದರು. "ನಾಳೆ ಬಾ."

ಕಡ ತಂದ ಕಸ

ಗಾಡಿ ಬುಧವಾರ, ಶನಿವಾರಕ್ಕೆ ಬದಲಾಯಿತು. ಊರು ಕಸ ಕೊಡತೊಡಗಿತು, ಒಬ್ಬರು ಅಜ್ಜಿಯ ಹೊರತು. ಅವರ ಮನೆಯಲ್ಲಿ ಸಿಪ್ಪೆ ದನಕ್ಕೆ, ಎಲೆ ಗೊಬ್ಬರದ ಗುಂಡಿಗೆ, ಹಳೇ ಡಬ್ಬಿಯಲ್ಲಿ ಹೂವಿನ ಗಿಡ. ಪ್ಲಾಸ್ಟಿಕ್ ಕವರನ್ನೂ ತೊಳೆದು ಒಣಗಿಸಿ ಮಡಚಿ ಹಾಸಿಗೆಯಡಿ ಇಡುತ್ತಾರೆ.

"ಎಂಗ್ಳ ಮನೇಲಿ ಕಸವೇ ಇಲ್ಲೆ ತಮಾ. ಎಂತ ಕೊಡದು?"

"ಕೊಡದಿದ್ರೆ ನನ್ನ ಕೆಲಸ ಹೋಗುತ್ತೆ ಅಜ್ಜೀ."

ಬಾಗಿಲಿಗೆ ಬಂದವನನ್ನು ಬರಿಗೈಲಿ ಕಳಿಸಿ ಅವರಿಗೆ ಅಭ್ಯಾಸವೇ ಇಲ್ಲ. ಮುಂದಿನ ಸಲ ಹೋದರೆ ಒಂದು ಕವರ್ ತುಂಬ ಕಸ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದರು.

"ಪಕ್ಕದ ಮನೆಯಿಂದ ಕಡ ತಂದೆ."

ಸಂತೋಷದಿಂದ ಗಾಡಿಗೆ ಸುರಿದೆ. ಹೊರಡುವಾಗ ಅಜ್ಜಿ ಕರೆದರು: "ತಮಾ, ಪಕ್ಕದ ಮನೆಯವ್ಕೆ ವಾಪಸ್ ಕೊಡವು ಅಲ್ದಾ? ನಿನ್ನ ಗಾಡೀಲಿ ಅಷ್ಟೊಂದು ಇದ್ದಲಾ, ಒಂದು ಕವರ್ ಕೊಟ್ಟಿಕ್ಕಿ ಹೋಗು."

ಮೇಷ್ಟ್ರ ಹಕ್ಕು

"ನನ್ನ ಕಸ, ನಾನೇ ಸಾಗಿಸ್ತೀನಿ. ನೀನ್ಯಾರಯ್ಯಾ ಕೇಳೋಕೆ?" ಅಂದವರು ರಿಟೈರ್ಡ್ ಮೇಷ್ಟ್ರು. ಕಸದ ಚೀಲವನ್ನು ತೀರ್ಥಹಳ್ಳಿ ಬಸ್ಸಿನ ಸೀಟಿನಡಿ ಇಟ್ಟು, ಏನೂ ಗೊತ್ತಿಲ್ಲದವರ ಹಾಗೆ ಇಳಿದುಬಿಟ್ಟರಂತೆ. ಸಂಜೆ ಕಂಡಕ್ಟರ್ ಮನೆಗೇ ಬಂದ. "ಮರೆತು ಬಂದಿದ್ರಿ ಸಾರ್. ನಾನು ನಿಮ್ಮ ಸ್ಟೂಡೆಂಟು." ಮೇಷ್ಟ್ರು ಅವನಿಗೆ ಕಾಫಿ ಕೊಡಬೇಕಾಯಿತು.

ಮರುವಾರ ಆನಂದಪುರದ ಹೋಟೆಲಿನ ಬೆಂಚಿನ ಕೆಳಗೆ ಬಿಟ್ಟರು. ಹೋಟೆಲಿನವರು ಹಾಲಿನ ವ್ಯಾನಿನಲ್ಲಿ ಕಳಿಸಿದರು. ಮೂರನೇ ಸಲ ಹುಂಚದಲ್ಲಿ ಬಿಟ್ಟು ಬಂದರೆ, ಮೇಷ್ಟ್ರು ಮನೆ ಮುಟ್ಟುವ ಮೊದಲೇ ಚೀಲ ಯಾರದ್ದೋ ಬೈಕಿನಲ್ಲಿ ಬಂದು ಜಗಲಿಯ ಮೇಲೆ ಕೂತಿತ್ತು.

ಬುಧವಾರ ಅದನ್ನು ನನ್ನ ಕೈಗಿಟ್ಟು ನಿಟ್ಟುಸಿರು ಬಿಟ್ಟರು: "ಊರವರೆಲ್ಲ ಒಳ್ಳೆಯವರೇ ಆಗಿಬಿಟ್ರೆ ಮನುಷ್ಯ ಬದುಕೋದು ಹೇಗಯ್ಯಾ?"

ಕೆಂಪು ಮನೆ

ಹೀಗೇ ಹತ್ತು ತಿಂಗಳು ಕಳೆಯುವಷ್ಟರಲ್ಲಿ ಪಂಚಾಯ್ತಿಯವರು ಪ್ರತಿ ಬಾಗಿಲಿಗೂ ಒಂದು ಸ್ಟಿಕ್ಕರ್ ಅಂಟಿಸಿದ್ದರು. ಕಸ ತಗೊಂಡು ನಾನು ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ, ಸಾಹೇಬರ ಕಂಪ್ಯೂಟರಿನಲ್ಲಿ ಆ ಮನೆ ಹಸಿರಾಗುತ್ತದೆ. ಮೇಷ್ಟ್ರೂ ಹಸಿರಾದ ಮೇಲೆ ಒಂದೇ ಮನೆ ಕೆಂಪಾಗಿ ಉಳಿಯಿತು.

"ಯಾರದ್ದಯ್ಯಾ ಇದು?"

"ನಂದೇ ಸಾರ್. ಬಾಡಿಗೆ ರೂಮು. ನನ್ನ ಕಸ ನಾನೇ ತಂದು ಗಾಡಿಗೆ ಹಾಕ್ತೀನಿ."

"ಅದೇ ತಪ್ಪು! ತಾನೇ ತಂದು ಹಾಕೋ ಹಾಗಿಲ್ಲ. ಮನೆಯವ್ರು ಬಾಗಿಲಲ್ಲಿ ನಿಂತು ಕೊಡ್ಬೇಕು, ಗಾಡಿಯವ್ನು ತಗೋಬೇಕು."

ಶನಿವಾರ ಗಾಡಿ ನನ್ನ ರೂಮಿನ ಮುಂದೆ ನಿಂತಿತು. ನಾನೇ ಸೀಟಿ ಊದಿದೆ. ನಾನೇ ಇಳಿದು ಒಳಗೆ ಓಡಿದೆ. ನಾನೇ ಬಕೆಟ್ ಹಿಡಿದು ಬಾಗಿಲಿಗೆ ಬಂದೆ. ತಗೊಳ್ಳಲು ಯಾರೂ ಇರಲಿಲ್ಲ.

"ನೀವಾದ್ರೂ ಇಳೀರಣ್ಣಾ" ಅಂದೆ ಡ್ರೈವರಿಗೆ.

"ಸ್ಟೇರಿಂಗ್ ಬಿಟ್ಟು ಇಳಿಯೋಕೆ ನಂಗೆ ಆರ್ಡರ್ ಇಲ್ಲ ಮಾರಾಯ."

ಸಾಹೇಬರು ತಲೆ ಕೆರೆದುಕೊಂಡರು. "ಒಂದೋ ನೀನು ಕೊಡೋನಾಗು, ಇಲ್ಲಾ ತಗೊಳೋನಾಗು. ಎರಡೂ ಆಗಲ್ಲ. ಯೋಚ್ನೆ ಮಾಡಿ ಹೇಳು."

ಎರಡು ದಿನ ಯೋಚಿಸಿದೆ. ಕೊಡುವವನಾದರೆ ಕೆಲಸವಿಲ್ಲ, ತಗೊಳ್ಳುವವನಾದರೆ ರೂಮಿಲ್ಲ. ವರ್ಷಕ್ಕೆ ಇನ್ನೊಂದೇ ತಿಂಗಳಿತ್ತು, ಅಕ್ಕ ಹೆಣ್ಣನ್ನೂ ನೋಡಿಟ್ಟಿದ್ದಳು. ಕೆಲಸ ಬಿಡ್ತೀನಿ ಅಂತ ಅವಳಿಗೆ ಫೋನ್ ಮಾಡಿದೆ. "ಕಸ ಕೊಡೋಕೆ ಆಗ್ದೇ ಕೆಲ್ಸ ಬಿಟ್ಟ ಅಂತ ಹೆಣ್ಣಿನ ಮನೆಯವ್ರಿಗೆ ಹ್ಯಾಗಾ ಹೇಳ್ಲಿ?" ಅಂದಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ತಲೆ ಕೆಟ್ಟು ಕೆಲಸ ಬಿಟ್ಟೆ. ಬುಧವಾರ ಹೊಸ ಆಳು ಬಂದು ಸೀಟಿ ಊದಿದ. ನಾನು ಬಾಗಿಲಲ್ಲಿ ಗಂಭೀರವಾಗಿ ನಿಂತು ಬಕೆಟ್ ಕೊಟ್ಟೆ. ಅವನು ಸ್ಕ್ಯಾನ್ ಮಾಡಿದ. ತಕ್ಷಣ ಸಾಹೇಬರ ಫೋನು: "ಶಹಬ್ಬಾಸ್! ಊರೆಲ್ಲ ಹಸಿರು!"

ಒಳಗೆ ಬಂದು ಬ್ಯಾಗಿಗೆ ಬಟ್ಟೆ ತುರುಕತೊಡಗಿದೆ. ಹೊಸಬ ಇನ್ನೂ ಬಾಗಿಲಲ್ಲೇ ನಿಂತಿದ್ದ.

"ಇನ್ನೆಂತ ಮಾರಾಯ?"

"ಅಣ್ಣಾ, ರೂಮ್ ಖಾಲಿ ಮಾಡ್ತಿದೀರಲ್ಲ, ನಂಗೆ ಕೊಡಿಸ್ತೀರಾ? ಈ ಊರಲ್ಲೇ ನಿಂತುಬಿಡೋಣ ಅಂತಿದೀನಿ."

ಬೀಗದ ಕೈ ಅವನ ಕೈಗಿಟ್ಟೆ. ಅವನು ಮತ್ತೇನಾದರೂ ಕೇಳುವ ಮೊದಲೇ ಬ್ಯಾಗಿನ ಜಿಪ್ ಎಳೆದೆ.