ನಾನು ಏಲಂ ಕೂಗಿದ ಮನೆ

ಖರ್ಚಿಲ್ಲದೆ ಮಜಾ ಮಾಡುವ ವಿದ್ಯೆಯಲ್ಲಿ ಮೆಲ್ಬರ್ನಿನ ಮಂಗಳೂರಿಗರ ಪೈಕಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವೊಂದಿತ್ತು. ಒಂದು ಶನಿವಾರ ಮಧ್ಯಾಹ್ನ ಆ ಕಾಲ ಮುಗಿಯಿತು.

ಆಗ ನಾವು ಆ ಊರಿನ ಕ್ಲೇಟನ್ ಬಡಾವಣೆಯ ಒಂದು ಬಾಡಿಗೆ ಯೂನಿಟ್ಟಿನಲ್ಲಿದ್ದೆವು. ಮೊದಲ ಮನೆಗೆ ಸಾಲ ಕೊಡಲು ಬ್ಯಾಂಕು ಒಪ್ಪಿತ್ತು. ಆದರೆ ಬೆಲೆಯ ಹತ್ತನೇ ಒಂದು ಪಾಲನ್ನು ನಾವು ಮೊದಲೇ ಕೈಯಿಂದ ಕಟ್ಟಬೇಕು. ಆ ಡೆಪಾಸಿಟ್ಟಿಗಾಗಿ ಸಿನಿಮಾ ಬಿಟ್ಟೆವು, ಹೋಟೆಲು ಬಿಟ್ಟೆವು, ಊರಿಗೆ ಹೋಗುವುದನ್ನೂ ಬಿಟ್ಟೆವು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿ ಲವೀನಾ ಒಂದು ದಿನ ಹೇಳಿದಳು: "ಹೀಗೇ ಆದ್ರೆ ಮನೆ ಬರುವಾಗ ಅದರೊಳಗೆ ಕೂತ್ಕೊಳ್ಳಲಿಕ್ಕೆ ನಾವೇ ಇರುದಿಲ್ಲ ಮಾರಾಯ್ರೇ."

ಈ ಗಂಭೀರ ಸಮಸ್ಯೆಗೆ ನಾನು ಕಂಡುಹಿಡಿದ ಪರಿಹಾರವೇ ಮನೆಗಳ ಹರಾಜು. ಈ ಊರಲ್ಲಿ ಶನಿವಾರ ಬಂತೆಂದರೆ ಬೀದಿ ಬೀದಿಯಲ್ಲಿ ಮನೆಗಳನ್ನು ಅವುಗಳ ಎದುರಿಗೇ ನಿಂತು ಹರಾಜು ಹಾಕುತ್ತಾರೆ. ಟಿಕೆಟ್ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಿ ಕಂಡವರ ಬೆಡ್‌ರೂಮ್ ನೋಡಬಹುದು, ಕಪಾಟು ತೆರೆಯಬಹುದು. ಆಮೇಲೆ ಹೊರಗೆ ಸಾಹಸವಿದೆ, ಗಂಡಹೆಂಡಿರ ಪಿಸುಜಗಳವಿದೆ, ಕೊನೆಗೆ ಚಪ್ಪಾಳೆಯೂ ಇದೆ. ನಾವು ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಚಪಾತಿ ಸುರುಳಿ ಕಟ್ಟಿಕೊಂಡು ಹೋಗತೊಡಗಿದೆವು.

ಆ ಶನಿವಾರದ ಮನೆ ನಮ್ಮಿಂದ ಎರಡು ಬೀದಿ ಆಚೆ. ಇಟ್ಟಿಗೆ ಗೋಡೆಯ ಪುಟ್ಟ ಮನೆ. ಕೊರೆಯುವ ಗಾಳಿ. ಬಂದವರೆಲ್ಲ ಜೇಬಿನಲ್ಲಿ ಕೈ ಹುಗಿದು ನಿಂತಿದ್ದರು. ಕೋಟು ಹಾಕಿದ ಏಜೆಂಟ್ ಗಂಟಲು ಹರಿಯುವಂತೆ ಕೂಗುತ್ತಿದ್ದಾನೆ, ಒಬ್ಬರೂ ಬಾಯಿ ಬಿಡುತ್ತಿಲ್ಲ. ಒಳಗೆ ಕಿಟಕಿಯ ಪರದೆ ಸರಿಸಿ ಮನೆಯೊಡತಿ ಡೋರಿನ್, ಬಿಳಿಕೂದಲಿನ ಅಜ್ಜಿ, ಇಣುಕುತ್ತಿದ್ದಾರೆ.

ನನಗೆ ತಡೆಯಲಾಗಲಿಲ್ಲ. ನಮ್ಮೂರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ತೆನೆ ಹಬ್ಬದ ದಿನ ಬಾಳೆಗೊನೆ, ಸೌತೆಕಾಯಿ ಎಲ್ಲ ಏಲಂ ಹಾಕುತ್ತಾರೆ. ಅಲ್ಲಿ ಯಾರೂ ಕೂಗದಿದ್ದರೆ ಇಡೀ ಊರಿಗೇ ಅವಮಾನ. ಆದ್ದರಿಂದ ಒಬ್ಬ ಮರ್ಯಾದಸ್ಥ ಮೊದಲು ಒಂದು ಕೂಗು ಹಾಕಿ ಕಳೆ ಏರಿಸುತ್ತಾನೆ. ಬೇರೆಯವರು ಅವನ ಮೇಲೆ ಕೂಗುವುದರಿಂದ ಗೊನೆ ಅವನ ತಲೆಗೆ ಬೀಳುವುದಿಲ್ಲ. ನಮ್ಮ ವಾರ್ಡಿನಲ್ಲಿ ಆ ಮರ್ಯಾದಸ್ಥ ಯಾವಾಗಲೂ ನಾನೇ.

ಕೂಗಿದೆ.

ಉಣ್ಣೆ ಟೊಪ್ಪಿಯ ಒಬ್ಬ ಯುವಕ ಸ್ವಲ್ಪ ಮೇಲೆ ಹೋದ. ಆಹಾ, ಕಳೆ ಬಂತು! ಹಬ್ಬದ ಹುರುಪಿನಲ್ಲಿ ಮತ್ತೊಂದು ಕೂಗು ಹಾಕಿದೆ. ಯುವಕ ತಲೆಯಾಡಿಸಿ ಕೈಗಳನ್ನು ಜೇಬಿಗೆ ಸೇರಿಸಿದ.

"ಒಂದನೇ ಸಲ," ಎಂದ ಏಜೆಂಟ್.

ಚಹಾ ಬಗ್ಗಿಸುತ್ತಿದ್ದ ಲವೀನಾ ತಲೆಯೆತ್ತಿದಳು. "ಈಗ ಕೂಗಿದ್ದು ಯಾರು?"

"ನಾನು."

"ಎಂತಕ್ಕೆ?"

"ಸುಮ್ಮನೆ. ಅಜ್ಜಿಯನ್ನು ನೋಡಿ ಪಾಪ ಅನಿಸಿತು."

"ಎರಡನೇ ಸಲ."

ಮೂರನೇ ಸಲ ಎಂದರೆ ಅಲ್ಲೇ ನಿಂತು ಡೆಪಾಸಿಟ್ಟಿನ ಚೆಕ್ ಬರೆಯಬೇಕು. ನಮ್ಮಲ್ಲಿದ್ದದ್ದು ಅದರ ಅರ್ಧ. ಕೊಡಲಾಗದವರನ್ನು ಕೋರ್ಟಿಗೆ ಎಳೆಯುತ್ತಾರೆಂದು ಕೇಳಿದ್ದೆ. ಬಿಟ್ಟ ಸಿನಿಮಾಗಳೆಲ್ಲ ಸಾಲಾಗಿ ಕಣ್ಣ ಮುಂದೆ ಓಡಿದವು. ಬೇಡ, ನಿಲ್ಲಿಸಿ ಎನ್ನಲು ಕೈ ಮೇಲೆತ್ತಿದೆ.

"ಸರ್, ನಿಮ್ಮ ಕೂಗಿನ ಮೇಲೆ ನೀವೇ ಕೂಗುವ ಅಗತ್ಯವಿಲ್ಲ," ಎಂದ ಏಜೆಂಟ್ ಗೌರವದಿಂದ. ಜನ ನಕ್ಕರು. ಲವೀನಾ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿದಳು.

ಅವನು ಮೂರನೇ ಸಲ ಎನ್ನಲಿಲ್ಲ. ಒಳಗೆ ಹೋಗಿ ಡೋರಿನ್ ಜೊತೆ ಮಾತಾಡಿ ಬಂದು, ಅವರು ಮನಸ್ಸಿನಲ್ಲಿಟ್ಟ ಬೆಲೆ ಬಂದಿಲ್ಲ, ಮನೆ ಮಾರಾಟವಾಗಿಲ್ಲ ಎಂದು ಸಾರಿದ. ನನಗೆ ಜೀವ ಬಂತು. ಆದರೆ ಹೆಚ್ಚು ಕೂಗಿದವರಿಗೆ ಮೊದಲು ಮಾತುಕತೆಯ ಹಕ್ಕಂತೆ. ನನ್ನ ತೋಳು ಹಿಡಿದು ನಮ್ಮಿಬ್ಬರನ್ನೂ ಒಳಗೆ ಕರೆದೊಯ್ದೇಬಿಟ್ಟ.

ಆಗಲೇ ನಮಸ್ಕಾರ ಹೇಳಿ ಹೊರಡಬಹುದಿತ್ತು. ಅಷ್ಟರಲ್ಲಿ ಡೋರಿನ್ ಚಹಾ ಕೊಟ್ಟರು, ತೆಂಗಿನತುರಿಯ ಕೇಕು ಕೊಟ್ಟರು. ಬಾಯಿ ತುಂಬ ಅವರ ಕೇಕು ಇಟ್ಟುಕೊಂಡು, ನಾವು ತಮಾಷೆ ನೋಡಲು ಬಂದವರು ಎಂದು ಹೇಳುವುದು ಹೇಗೆ?

"ಅವರೇ ಬೇಡ ಅನ್ನುವ ಹಾಗೆ ಮಾಡುವ," ಎಂದೆ ಲವೀನಾಳ ಕಿವಿಯಲ್ಲಿ. "ಬಾಯಿಗೆ ಬಂದದ್ದು ಕೇಳ್ತೇನೆ."

ಫ್ರಿಜ್ ಇಲ್ಲೇ ಬಿಡಬೇಕು ಎಂದೆ.

"ತೆಗೆದುಕೊಳ್ಳಿ ಮಗಾ," ಎಂದರು ಡೋರಿನ್. "ಸಿಡ್ನಿಯಲ್ಲಿ ಮಗಳ ಹತ್ತಿರ ಹೋಗುತ್ತಿದ್ದೇನೆ. ಅಲ್ಲಿ ನನಗೆ ಒಂದೇ ಕೋಣೆ."

ವಾಷಿಂಗ್ ಮಷೀನ್, ಪರದೆಗಳು, ನಾವು ಕೇಕು ತಿನ್ನುತ್ತಿದ್ದ ಮೇಜು, ಎಲ್ಲ ಕೇಳಿದೆ. ಎಲ್ಲ ಕೊಟ್ಟರು. ಕೂಗಿದ್ದಕ್ಕಿಂತ ಒಂದು ಡಾಲರೂ ಹೆಚ್ಚಿಗೆ ಕೊಡುವುದಿಲ್ಲ ಎಂದೆ. ಏಜೆಂಟನ ಮುಖ ಕೆಂಪೇರಿತು. ಡೋರಿನ್ ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿ, ಆಗಲಿ ಎಂದರು. ನಾನು ಕೊನೆಯ ಬ್ರಹ್ಮಾಸ್ತ್ರ ತೆಗೆದೆ: ಡೆಪಾಸಿಟ್ ಈಗ ಅರ್ಧ ಮಾತ್ರ.

"ಉಳಿದದ್ದು ನಿಧಾನಕ್ಕೆ ಕೊಡಿ."

ಲವೀನಾ ಕಪ್ಪನ್ನು ಕೆಳಗಿಟ್ಟಳು. ಅವಳ ಕಣ್ಣು ಗೋಡೆಯಿಂದ ಗೋಡೆಗೆ ಓಡಾಡುತ್ತಿತ್ತು. ನಮ್ಮ ದೇವರ ಆಲ್ತಾರು ಎಲ್ಲಿ, ಮಂಚ ಎಲ್ಲಿ ಎಂದು ಜೋಡಿಸುತ್ತಿದ್ದಾಳೆಂದು ತಿಳಿಯಿತು. ಆಗ ನನಗೂ ಹೊಳೆಯಿತು. ಅರ್ಧ ಡೆಪಾಸಿಟ್ ನಮ್ಮಲ್ಲಿದೆ. ಸಾಲಕ್ಕೆ ಬ್ಯಾಂಕು ಒಪ್ಪಿದೆ. ಈ ಮನೆ ನಮ್ಮದು!

ಥ್ಯಾಂಕ್ಸ್ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಚೌಕಾಸಿಯ ಇಳಿಜಾರಿನಲ್ಲಿ ಓಡುತ್ತಿದ್ದ ನನ್ನ ಬಾಯಿಗೆ ಬ್ರೇಕು ಇರಲಿಲ್ಲ. ಕಿಟಕಿಯಾಚೆ ಒಂದು ಗುಲಾಬಿ ಗಿಡ ಕಾಣಿಸಿತು.

"ಆ ಗಿಡವನ್ನು ಬುಡಸಮೇತ ಕೀಳಿಸಿ ಕೊಡಬೇಕು," ಎಂದೆ. "ಅಲ್ಲಿ ನಾವು ಬಸಳೆ ಚಪ್ಪರ ಹಾಕಬೇಕು."

ಡೋರಿನ್ ಕೈಯಲ್ಲಿದ್ದ ಚಮಚ ನಿಂತಿತು. "ಅದರ ಬುಡದಲ್ಲಿ ರಾನ್ ಇದ್ದಾನೆ."

"ಬೆಕ್ಕಾ?" ಎಂದು ಕೇಳಿದೆ.

"ಗಂಡ," ಎಂದರು. "ಅವನ ಬೂದಿ. ಯಾರೂ ಬಾಯಿ ಬಿಡದಾಗ ನೀವು ಕೂಗಿದಿರಿ. ಈ ಮನೆಯನ್ನು ಪ್ರೀತಿಸುವವರು ನೀವು, ಗಿಡಕ್ಕೆ ನೀರು ಹಾಕುತ್ತೀರಿ ಅಂದುಕೊಂಡಿದ್ದೆ."

ಕ್ಷಮೆ ಕೇಳಿದೆ. ಬಸಳೆ ಬೇಡವೇ ಬೇಡ ಎಂದೆ. ದಿನಕ್ಕೆರಡು ಹೊತ್ತು ನೀರು ಹಾಕುತ್ತೇನೆ ಎಂದೆ. ಏಜೆಂಟ್ ಆಗಲೇ ಬಾಗಿಲು ತೆರೆದು ಹಿಡಿದಿದ್ದ. ಗೇಟಿನ ಬಳಿ ಕಾಯುತ್ತಿದ್ದ ಉಣ್ಣೆ ಟೊಪ್ಪಿಯ ಯುವಕ ಒಳಗೆ ಹೋದ. ನಾವು ಬೀದಿಯ ತಿರುವು ಮುಟ್ಟಿ ಹಿಂತಿರುಗಿ ನೋಡುವಾಗ ಏಜೆಂಟ್ ಹೊರಗಿನ ಬೋರ್ಡಿಗೆ ಮಾರಾಟವಾಗಿದೆ ಎಂಬ ಕೆಂಪು ಪಟ್ಟಿ ಅಂಟಿಸುತ್ತಿದ್ದ.

ನಮ್ಮ ಯೂನಿಟ್ಟಿನ ಬೀಗ ತೆಗೆಯುವಾಗ ಲವೀನಾ ಬೈಗುಳವೂ ಅಲ್ಲದ, ಅಳುವೂ ಅಲ್ಲದ ದನಿಯಲ್ಲಿ ಒಂದು ಮಾತು ಕೇಳಿದಳು.

"ಅಲ್ಲ ಮಾರಾಯ್ರೇ, ನೀವು ಬಸಳೆ ತಿನ್ನುದೇ ಇಲ್ಲವಲ್ಲ?"

ನಿಜ. ಆ ಲೋಳೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.